‘ಏನೂ ತರಬೇಡಿ’ ಅಂದವರ ಮನೆಗೆ ಏನು ತಗೊಂಡು ಹೋಗ್ತೀರಿ?

ಶನಿವಾರ ರಾತ್ರಿ ಆಫೀಸಿನ ಒಬ್ಬರ ಮನೆಯಲ್ಲಿ ಊಟ. ಒಟ್ಟು 12 ಜನ ಆಗ್ತೀವಿ. “ಏನೂ ತರಬೇಡಿ, ನೀವು ಬಂದರೆ ಸಾಕು” ಅಂದಿದ್ದಾರೆ. ಬರಿಗೈಯಲ್ಲಿ ಹೋಗೋಕೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಹಿಂದಿನ ಸಲ ಇನ್ನೊಬ್ಬರ ಮನೆಗೆ ಅರ್ಧ ದಿನ ಒಲೆ ಮುಂದೆ ನಿಂತು ಒಂದು ದೊಡ್ಡ ಪಾತ್ರೆ ತುಂಬ ಅಡುಗೆ ಮಾಡಿಕೊಂಡು ಹೋಗಿದ್ದೆ. “ಅಯ್ಯೋ, ಯಾಕೆ ಇಷ್ಟೆಲ್ಲ ತೊಂದರೆ ತಗೊಂಡ್ರಿ” ಅಂತ ನಗುನಗುತ್ತಲೇ ಒಳಗೆ ತಗೊಂಡು ಹೋದರು. ಊಟ ಮುಗಿಸಿ ಕೈ ತೊಳೆಯೋಕೆ ಹೋದಾಗ ನೋಡ್ತೀನಿ, ನನ್ನ ಪಾತ್ರೆ ಮುಚ್ಚಳ ಕೂಡ ತೆಗೆಯದೆ ಸಿಂಕ್ ಪಕ್ಕ ಕೂತಿದೆ. ತಪ್ಪು ನಂದಾ, ಅವರದ್ದಾ ಇನ್ನೂ ಗೊತ್ತಾಗಿಲ್ಲ. ನಿಮ್ಮ ಅನುಭವ ಹೇಳಿ.

*

ತಿಂಗಳಿಗೆ ಎರಡು ಸಲವಾದರೂ ಮನೆಗೆ ಜನ ಕರೆಯೋಳು ನಾನು, ಅದಕ್ಕೆ ಒಲೆಯ ಈ ಕಡೆಯಿಂದ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ, ತಪ್ಪು ನಿಮ್ಮದೇ. ಯಾವುದಕ್ಕೆ ಯಾವುದು ಜೊತೆ, ಯಾರಿಗೆ ಖಾರ ಆಗಲ್ಲ, ಯಾವುದನ್ನು ಯಾವ ಪಾತ್ರೆಯಲ್ಲಿ ಮೇಜಿಗೆ ತರೋದು ಅಂತ ಅವರು ಎರಡು ದಿನದಿಂದ ಲೆಕ್ಕ ಹಾಕಿರ್ತಾರೆ. ಅದರ ನಡುವೆ ಹೇಳದೆ ಕೇಳದೆ ಒಂದು ದೊಡ್ಡ ಪಾತ್ರೆ ಬಂತು ಅಂದರೆ, ಅದಕ್ಕೆ ಜಾಗ ಮಾಡಬೇಕು, ಬಿಸಿ ಮಾಡಬೇಕು, ಸೌಟು ಹುಡುಕಬೇಕು. ಅದಕ್ಕಿಂತ ಹೆಚ್ಚಾಗಿ, ಅವರು ಮಾಡಿದ್ದು ಉಳಿಯುತ್ತೆ. ಉಳಿದ ಅಡುಗೆ ನೋಡೋದು ಮಾಡಿದವರಿಗೇ ಗೊತ್ತು ಎಷ್ಟು ಸಂಕಟ ಅಂತ.

ಒಬ್ಬರಂತೂ ಇನ್ನೂ ಬೇಯಿಸದ ತರಕಾರಿ ತಗೊಂಡು ಬಂದು, “ಐದೇ ನಿಮಿಷ, ಒಂದು ಬಾಣಲೆ ಕೊಡಿ, ಬಿಸಿಬಿಸಿ ಹುರಿದರೇನೇ ಚೆನ್ನಾಗಿರೋದು” ಅಂದರು. ನಾಲ್ಕೂ ಒಲೆ ಉರೀತಾ ಇತ್ತು. ಇದ್ದ ಒಂದೇ ಮಣೆಯ ಮೇಲೆ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅವರು ಚಾಕು ಹಿಡಿದು ನನ್ನ ಬೆನ್ನ ಹಿಂದೆ, ನಾನು ಬಗ್ಗಿದಾಗ ಹಿಂದಕ್ಕೆ, ಎದ್ದಾಗ ಮುಂದಕ್ಕೆ ಜರುಗುತ್ತಾ 20 ನಿಮಿಷ ನಿಂತಿದ್ದರು. ಪಾಪ, ಮನಸ್ಸು ಒಳ್ಳೇದೇ. ಆವತ್ತಿನಿಂದ ನಾನು ಎಲ್ಲಿಗೆ ಹೋದರೂ ನನ್ನದೇ ಲೆಕ್ಕ ಇಷ್ಟು: ಮುಚ್ಚಳ ತೆಗೆದು ನೇರ ಮೇಜಿನ ಮೇಲೆ ಇಡೋ ಹಾಗಿರಬೇಕು, ಬಡಿಸೋ ಚಮಚ ಜೊತೆಗೇ ಇರಬೇಕು, ಅವರ ಫ್ರಿಜ್ ಬಾಗಿಲು ತೆಗೆಸಬಾರದು.

ಇನ್ನು “ಏನೂ ತರಬೇಡಿ”. ಇದನ್ನು ಎರಡು ಥರ ಹೇಳ್ತಾರೆ. “ಏನಾದ್ರೂ ತರಲಾ?” ಅಂತ ಕೇಳಿದರೆ “ಬೇಡ ಬೇಡ” ಅನ್ನೋದು ಬಾಯಿಗೆ ತಾನಾಗೇ ಬರೋ ಮಾತು, ಅದಕ್ಕೆ ಅರ್ಥ ಇಲ್ಲ. ಹಾಗೆ ಕೇಳಲೇಬೇಡಿ. “ಹಣ್ಣು ಹೆಚ್ಚಿಕೊಂಡು ಬರಲಾ, ಇಲ್ಲ ಜ್ಯೂಸ್ ತರಲಾ?” ಅಂತ ಎರಡೇ ಮುಂದಿಟ್ಟು ಕೇಳಿ, ನಿಜವಾದ ಉತ್ತರ ಬರುತ್ತೆ. ಅದಕ್ಕೂ ಬೇಡ ಅಂದರೆ ಅದು ನಿಜವಾದ ಬೇಡ. ಆಗ ಊಟಕ್ಕೆ ಸೇರದೇ ಇರೋದು ಏನಾದರೂ ಕೊಡಿ, ಮಾರನೇ ದಿನ ಕಾಫಿ ಜೊತೆ ತಿನ್ನೋ ಬಿಸ್ಕೆಟ್ ಡಬ್ಬಿ ಥರದ್ದು. ಕೊಡುವಾಗ “ಇದು ನಾಳೆಗೆ, ನಿಮಗೆ ಮಾತ್ರ” ಅಂತ ಬಾಯಿಬಿಟ್ಟು ಹೇಳಿ. ಅವರ ಮುಖದಲ್ಲಿ ನಿರಾಳ ಕಾಣುತ್ತೆ.

ಹೂಗುಚ್ಛ ಮಾತ್ರ ಬೇಡ. ಬಾಗಿಲಲ್ಲಿ ಜನ ನಿಂತಿರುವಾಗ ಹೂದಾನಿ ಎಲ್ಲಿ ಅಂತ ಅಟ್ಟದ ಮೇಲೆ ಹುಡುಕಿದವಳು ನಾನು.

*

ಮೇಲಿನ ಅಕ್ಕ ಹೇಳಿದ್ದು ಸರಿ, ಆದರೆ ದಾರಿಯ ಬಗ್ಗೆ ಯಾರೂ ಯೋಚನೆ ಮಾಡಲ್ಲ. ನಾನು ಒಮ್ಮೆ ಕ್ರೀಮ್ ಹಾಕಿದ ಸಿಹಿ ಮಾಡಿಕೊಂಡು ಹೊರಟೆ, ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ. ಹೋದ ಮೇಲೆ ಮೇಜಿನ ಮೇಲೆ ಇನ್ನೆರಡು ಗಂಟೆ. ರುಚಿ ಕೆಟ್ಟಿರಲಿಲ್ಲ, ವಾಸನೆಯೂ ಇರಲಿಲ್ಲ. ಮೂರು ಜನಕ್ಕೆ ರಾತ್ರಿಯೆಲ್ಲ ಹೊಟ್ಟೆ ಕೆಟ್ಟಿತು. ಅದರಿಂದಲೇ ಅಂತ ಯಾರೂ ಹೇಳಲಿಲ್ಲ, ಆದರೆ ಆ ಮೂರು ಜನವೇ ಅದನ್ನು ಎರಡನೇ ಸಲ ಹಾಕಿಸಿಕೊಂಡಿದ್ದು.

ಆಮೇಲೆ ಓದಿ ತಿಳಿದುಕೊಂಡಿದ್ದು: ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಬೇಯಿಸಿದ ಆಹಾರ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು. ತಣ್ಣಗಿರಬೇಕಾದ್ದು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಬಿಸಿ ಇರಬೇಕಾದ್ದು 60ಕ್ಕಿಂತ ಮೇಲೆ. ನಡುವಿನ ಬೆಚ್ಚಗಿನ ಸ್ಥಿತಿಯೇ ಬ್ಯಾಕ್ಟೀರಿಯಾಕ್ಕೆ ಹಬ್ಬ. ನಾವು ಪಾತ್ರೆಯನ್ನು ಟವೆಲ್‌ನಲ್ಲಿ ಸುತ್ತಿ “ಇನ್ನೂ ಬೆಚ್ಚಗಿದೆ” ಅಂತ ಖುಷಿ ಪಡ್ತೀವಲ್ಲ, ಅದೇ ಆ ಸ್ಥಿತಿ! ಅನ್ನದಿಂದ ಮಾಡಿದ್ದಾದರೆ ಇನ್ನೂ ಹುಷಾರು. ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯದೆ ಉಳಿಯಬಹುದು. ಅನ್ನ ಹೊರಗೇ ಆರುತ್ತಾ ಕೂತರೆ ಅದು ಬೆಳೆದು ವಿಷ ಬಿಡುತ್ತೆ, ವಾಂತಿ ಮಾಡಿಸೋ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಈಗ ನಾನು ದೂರದ ಮನೆಗೆ ಒಯ್ಯೋದು ಒಣ ತಿಂಡಿ, ಇಡೀ ಹಣ್ಣು, ಸೀಲ್ ತೆಗೆಯದ ಪ್ಯಾಕೆಟ್, ಇಷ್ಟೇ.

*

ನನ್ನ ಮಗನಿಗೆ ಕಡಲೆಕಾಯಿ ಅಲರ್ಜಿ. ದಯವಿಟ್ಟು, ಮನೆಯಲ್ಲಿ ಮಾಡಿ ತರುವವರು ಒಂದು ಚೀಟಿಯಲ್ಲಿ ಏನೇನು ಹಾಕಿದ್ದೀರಿ ಅಂತ ಬರೆದು ಡಬ್ಬಿಗೆ ಅಂಟಿಸಿ. ಎಣ್ಣೆ ಯಾವುದು ಅನ್ನೋದೂ ಸೇರಿಸಿ. ಅಂಗಡಿಯದ್ದಾದರೆ ಲೇಬಲ್ ಇರೋ ಪ್ಯಾಕೆಟ್ ಬಿಸಾಕಬೇಡಿ, ಚಂದದ ತಟ್ಟೆಗೆ ಸುರಿದುಕೊಂಡು ಬಂದರೆ ನಾನು ಓದೋದು ಏನನ್ನ? “ಸ್ವಲ್ಪವೇ ಹಾಕಿದ್ದು, ಏನೂ ಆಗಲ್ಲ” ಅನ್ನೋ ಮಾತು ಎಷ್ಟು ಸಲ ಕೇಳಿದ್ದೀನೋ. ಅಲರ್ಜಿಗೆ ಆ ಸ್ವಲ್ಪವೇ ಸಾಕು. ಒಂದೇ ಚಮಚ ಆ ಡಬ್ಬಿಯಿಂದ ಈ ಡಬ್ಬಿಗೆ ಓಡಾಡಿದರೂ ಸಾಕು.

ಸಸ್ಯಾಹಾರಿಗಳ ಪರವಾಗಿಯೂ ಒಂದು ಮಾತು. ಕೇಕ್‌ನಲ್ಲಿ ಮೊಟ್ಟೆ ಇದೆಯಾ ಅಂತ ಎಲ್ಲರೂ ಕೇಳ್ತಾರೆ, ಪುಡ್ಡಿಂಗ್ ಬಗ್ಗೆ ಕೇಳಲ್ಲ. ಅದು ಗಟ್ಟಿಯಾಗಲಿ ಅಂತ ಕೆಲವರು ಹಾಕೋ ಜೆಲಾಟಿನ್ ಬರೋದು ಪ್ರಾಣಿಗಳ ಚರ್ಮ, ಮೂಳೆಯಿಂದ.

*

ಬಾಟಲಿ ತಗೊಂಡು ಹೋಗುವವರಿಗೆ. ಆ ಮನೆಯಲ್ಲಿ ಕುಡಿತಾರೋ ಇಲ್ಲವೋ ಗೊತ್ತಿಲ್ಲದಿದ್ದರೆ ಆಲ್ಕೋಹಾಲ್ ಒಯ್ಯಬೇಡಿ, ಕಥೆ ಮುಗೀತು. ಗೊತ್ತಿದ್ದು ಒಯ್ದರೆ, ಕೈಗೆ ಕೊಟ್ಟ ಕ್ಷಣಕ್ಕೆ ಅದು ಅವರದ್ದು. ಆವತ್ತೇ ತೆಗೀತಾರೆ ಅಂತ ಕಪಾಟಿನ ಕಡೆ ನೋಡ್ತಾ ಕೂರಬಾರದು. ಆವತ್ತೇ ಕುಡಿಯಲಿ ಅಂತ ಆಸೆ ಇದ್ದರೆ ತಣ್ಣಗೆ ಮಾಡಿಕೊಂಡೇ ಹೋಗಿ. ನಾನು ಒಬ್ಬರ ಮನೆಯಲ್ಲಿ “ಹತ್ತು ನಿಮಿಷ ಫ್ರೀಜರ್‌ನಲ್ಲಿ ಇಡ್ತೀನಿ” ಅಂತ ಇಟ್ಟು ಮಾತಿಗೆ ಕೂತೆ. ನೀರು ಹೆಪ್ಪುಗಟ್ಟಿದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತೆ, ಗಾಜು ಹಿಗ್ಗಲ್ಲ. ಅವರ ಫ್ರೀಜರ್‌ನ ಬಟಾಣಿಯ ನಡುವೆ ಗಾಜಿನ ಚೂರು ಆರಿಸುತ್ತಾ ಮಂಡಿಯೂರಿ ಕೂತಿದ್ದು ಈಗಲೂ ಕನಸಲ್ಲಿ ಬರುತ್ತೆ. ಬೇಗ ತಣ್ಣಗಾಗಬೇಕಾದರೆ ಬಕೆಟ್‌ಗೆ ಐಸ್, ನೀರು, ಒಂದು ಹಿಡಿ ಉಪ್ಪು ಹಾಕಿ ಮುಳುಗಿಸಿ.

*

ಉಳಿದಿದ್ದು ಯಾರದ್ದು? ಅದನ್ನ ಯಾರೂ ಹೇಳಲೇ ಇಲ್ಲ.

*

ಊಟಕ್ಕೆ ಕರೆದಿದ್ದಾದರೆ ಮನೆಯವರದ್ದು. ಎಲ್ಲರೂ ಒಂದೊಂದು ತರೋಣ ಅಂತ ಮಾತಾಗಿದ್ದರೆ ತಂದವರದ್ದು. ಹಾಗಿದ್ದರೂ ನಾನು ಕೇಳಿಯೇ ಎತ್ತಿಕೊಳ್ಳೋದು.

*

ನಾನು ಒಪ್ಪಲ್ಲ. ಎಲ್ಲರೂ ಹೋದ ಮೇಲೆ ಅರ್ಧರ್ಧ ಖಾಲಿಯಾದ ಏಳು ಡಬ್ಬಿ ನಮ್ಮ ಮನೆಯಲ್ಲಿ ಬಿದ್ದಿರುತ್ತೆ, ಯಾರದ್ದು ಯಾವುದು ಅಂತಲೂ ತಿಳಿಯಲ್ಲ. ನಿಮ್ಮದು ನೀವು ತಗೊಂಡು ಹೋಗಿ ಮಾರಾಯ್ರೇ! ಕನಿಷ್ಠ ಡಬ್ಬಿಯ ತಳಕ್ಕೆ ಟೇಪ್ ಹಚ್ಚಿ ಹೆಸರು ಬರೀರಿ.

ಇನ್ನೊಂದು, ತಂದವರು “ತಿಂದ್ರಾ? ಹೇಗಿದೆ? ಇನ್ನೊಂದು ಚೂರು?” ಅಂತ ಎಲ್ಲರ ತಟ್ಟೆ ಇಣುಕುತ್ತಾ ಓಡಾಡಬೇಡಿ.

*

ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಫೋನ್ ಮಾಡಿ, ಅಕ್ಕ ಹೇಳಿದ ಹಾಗೇ “ಹಣ್ಣು ತರಲಾ, ಜ್ಯೂಸ್ ತರಲಾ?” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, “ಎರಡೂ ಮಾಡಿದ್ದೀನಿ... ಐಸ್ ತರ್ತೀರಾ? ನಮ್ಮ ಫ್ರಿಜ್‌ನಲ್ಲಿ ಆಗೋದು ಎರಡೇ ಟ್ರೇ” ಅಂದರು. ಇದು ನನ್ನ ತಲೆಗೆ ಹೊಳೆದಿರಲೇ ಇಲ್ಲ. 12 ಜನಕ್ಕೆ ಎಷ್ಟು ಬೇಕಾಗಬಹುದು?

*

ತಲೆಗೆ ಅರ್ಧ ಕೆಜಿ ಲೆಕ್ಕದಲ್ಲಿ 6 ಕೆಜಿ ತಗೊಳ್ಳಿ, ಹೊರಡೋ ಹೊತ್ತಿಗೆ. ಥರ್ಮೊಕೋಲ್ ಡಬ್ಬಿಯಲ್ಲಿ ಹಾಕಿ, ಅದನ್ನು ಅಲ್ಲೇ ಮೂಲೆಯಲ್ಲಿ ಇಟ್ಟರೂ ಊಟ ಮುಗಿಯೋವರೆಗೆ ತಡೆಯುತ್ತೆ. ಐಸ್ ಎತ್ತೋಕೆ ಚಮಚ ಮರೀಬೇಡಿ. ತಳಕ್ಕೆ ನಿಮ್ಮ ಹೆಸರೂ.