ಪದಚರ್ಚೆ: ‘ಶೂನ್ಯೀಕರಣೀಯ’ಕ್ಕೆ ತಿಳಿಗನ್ನಡದಲ್ಲಿ ಏನೆನ್ನಬೇಕು?

ನಮಸ್ಕಾರ. ಸಿಂಧನೂರಿನಲ್ಲಿ ರೈತರಿಗಾಗಿ ನಡೆಯುವ ಕಾನೂನು ಅರಿವು ಶಿಬಿರಕ್ಕೆ ಕರಪತ್ರ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಕೊಡಬೇಕು. 1872ರ ಕರಾರು ಕಾಯ್ದೆಯ ‘ವಾಯ್ಡ್’ಗೆ (ಕಾನೂನಿನಿಂದ ಜಾರಿ ಮಾಡಿಸಲಾಗದ್ದು) ‘ಶೂನ್ಯ’ ಎಂದಿದ್ದೇನೆ. ‘ವಾಯ್ಡಬಲ್’ಗೆ (ಒಂದು ಕಡೆಯವರು ಬೇಡವೆಂದರೆ ಬಿದ್ದುಹೋಗುವಂಥದ್ದು) ಪಠ್ಯಪುಸ್ತಕದ ‘ಶೂನ್ಯೀಕರಣೀಯ’ ಯಾರಿಗೂ ದಕ್ಕುವುದಿಲ್ಲ. ‘ರದ್ದಾದ’, ‘ರದ್ದಾಗಬಹುದಾದ’ ಎಂದರೆ ಸಾಕೇ?

ಬಳ್ಳಾರಿಯಿಂದ:
ಸಾಲದು. ಕರಾರೂ ಅರಬ್ಬಿ, ರದ್ದೂ ಅರಬ್ಬಿ. ‘ಒಪ್ಪು’ ಧಾತುವಿನಿಂದ ಬಂದ ‘ಒಪ್ಪಂದ’ ಇರುವಾಗ ಸಾಲವೇಕೆ? ‘ಹುಸಿ ಒಪ್ಪಂದ’, ‘ಮುರಿಯಬಲ್ಲ ಒಪ್ಪಂದ’ ಎಂದು ಬರೆಯಿರಿ.

ರಾಯಚೂರಿನಿಂದ:
ಹುಸಿ ಎಂದರೆ ಸುಳ್ಳು. ಹದಿನೇಳರ ಹುಡುಗ ತನ್ನ ಪಾಲಿನ ಗದ್ದೆ ಮಾರುವುದಾಗಿ ಬರೆದುಕೊಟ್ಟ ಪತ್ರದಲ್ಲಿ ಒಂದಕ್ಷರವೂ ಸುಳ್ಳಿರಲಿಕ್ಕಿಲ್ಲ. ಆದರೂ ಅದು ಶೂನ್ಯ. 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಆಗಿನ ಅತ್ಯುನ್ನತ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ ಇದನ್ನೇ ಹೇಳಿತು. ಹದಿನೆಂಟು ತುಂಬಿದ ಮೇಲೆ ಅವನೇ ‘ಹೂಂ’ ಎಂದರೂ ಅದಕ್ಕೆ ಜೀವ ಬರುವುದಿಲ್ಲ. ಅಂಥದ್ದನ್ನು ‘ರದ್ದಾದ’ ಎನ್ನುವುದೂ ತಪ್ಪು. ಹುಟ್ಟಿದ್ದರೆ ತಾನೇ ರದ್ದಾಗುವುದು?

ಕೊಳವೆಬಾವಿ ಬತ್ತಿದೆ ಎಂದು ಗೊತ್ತಿದ್ದೂ ನೀರಿದೆ ಎಂದು ಸುಳ್ಳು ಹೇಳಿ ಹೊಲ ಮಾರುವ ಕರಾರು ಮಾಡಿಕೊಂಡರೆ ಮಾತು ಬೇರೆ. 19ನೇ ಕಲಮಿನಂತೆ ಕೊಳ್ಳುವವನು ಅದನ್ನು ಬಿಡಬಹುದು, ಇಟ್ಟುಕೊಳ್ಳಲೂಬಹುದು. ಮಾರುವವನಿಗೆ ಆ ಆಯ್ಕೆ ಇಲ್ಲ. ಬೆಲೆ ಏರಿತೆಂದು ತನ್ನದೇ ಸುಳ್ಳನ್ನು ಮುಂದೊಡ್ಡಿ ಜಾರಿಕೊಳ್ಳಲು ಬರುವುದಿಲ್ಲ. ‘ರದ್ದಾಗಬಹುದಾದ’ ಎಂದರೆ ತಾನಾಗಿ ರದ್ದಾಗುತ್ತದೆ ಎಂದಾಯಿತು. ‘ಮುರಿಯಬಲ್ಲ’ ಎಂದರೆ ಯಾರು ಬೇಕಾದರೂ ಮುರಿಯಬಹುದು ಎಂದಾಯಿತು. ಕರ್ತೃವನ್ನು ಹೇಳದೆ ಇಲ್ಲಿ ಗತಿಯಿಲ್ಲ: ‘ನೊಂದವರು ರದ್ದುಪಡಿಸಬಹುದಾದ ಕರಾರು’. ಉದ್ದವಾಯಿತು, ಆಗಲಿ.

ಮೊದಲನೆಯದಕ್ಕೆ ‘ಶೂನ್ಯ ಒಪ್ಪಂದ’ ಎನ್ನಿ. 2ನೇ ಕಲಮಿನ ಪ್ರಕಾರ ಕಾನೂನಿನಿಂದ ಜಾರಿ ಮಾಡಿಸಬಹುದಾದ ಒಪ್ಪಂದವೇ ಕರಾರು. ಹುಡುಗನದು ಆ ಮೆಟ್ಟಿಲು ಹತ್ತಲೇ ಇಲ್ಲ. ಎರಡಕ್ಕೂ ‘ಒಪ್ಪಂದ’ವನ್ನೇ ಬಳಸಿದರೆ ಈ ಭೇದವೇ ಅಳಿಸಿಹೋಗುತ್ತದೆ.

ಅರಬ್ಬಿಯ ಮಾತು: ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕೋರ್ಟು ನಡೆದ ಊರು ನಮ್ಮದು. ವಕೀಲ, ಜಾಮೀನು, ಫಿರ್ಯಾದಿ ನಮಗೆ ಮನೆಮಾತು. ಶೂನ್ಯವೂ ಸಂಸ್ಕೃತದ ಸಾಲವೇ, ಅದಕ್ಕೇಕೆ ತಮ್ಮ ತಕರಾರಿಲ್ಲ? ತಕರಾರೂ ಅರಬ್ಬಿಯೇ ಅನ್ನಿ.

ಬಳ್ಳಾರಿಯಿಂದ:
1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ನಾವೂ ವಕೀಲರನ್ನು ಕಂಡಿದ್ದೇವೆ. ಚಾಲ್ತಿಯಲ್ಲಿದೆ ಎಂಬುದು ವಾದವಾಗದು. ‘ನೊಂದವರು ಕೈಬಿಡಬಹುದಾದ’ ಎನ್ನಲು ಏನಡ್ಡಿ?

ರಾಯಚೂರಿನಿಂದ:
ಚೌಕಾಸಿ ಕುದುರದಿದ್ದರೂ ಕೈಬಿಡುತ್ತೇವೆ. ಅಷ್ಟೇ ಅಡ್ಡಿ.

ಸಿಂಧನೂರಿನಿಂದ:
‘ಶೂನ್ಯ ಒಪ್ಪಂದ’, ‘ನೊಂದವರು ರದ್ದುಪಡಿಸಬಹುದಾದ ಕರಾರು’ ಎಂದೇ ಕಳುಹಿಸುತ್ತಿದ್ದೇನೆ. ‘ನೊಂದವರು’ ಬಲವಂತಕ್ಕೆ ಸಿಕ್ಕಿ ಸಹಿ ಹಾಕಿದವರಿಗೂ ಒಪ್ಪುತ್ತದೆ. ಅರಬ್ಬಿಯ ಜಗಳವನ್ನು ದಯವಿಟ್ಟು ಬೇರೆ ಎಳೆಯಲ್ಲಿ ಮುಂದುವರಿಸಿ.