ಅಪ್‌ಡೇಟ್: ಸೋತ ಪಕ್ಷದ ಗೆಳೆಯನ ಕಾಲೆಳೆಯಬಹುದಾ ಅಂತ ಕೇಳಿದ್ದೆ

ಎಲ್ಲರ ಲೆಕ್ಕಾಚಾರ ತಲೆಕೆಳಗಾಗಿ ನಾನು ಬೆಂಬಲಿಸುವ ಪಕ್ಷ ಗೆದ್ದಿತ್ತು. ಎದುರು ಪಕ್ಷದ ಗೆಳೆಯನ ಜೊತೆ ಮೊದಲಿನಂತೆ ತಮಾಷೆ ಮಾಡಬಹುದಾ ಅಂತ ಕೇಳಿದ್ದೆ. 'ಮೊದಲು ಅವರೇ ಮಾತಾಡಲಿ, ತಾಳಿ' ಅಂದಿದ್ದಿರಿ. ತಾಳಿದೆ. ನಾಲ್ಕು ದಿನ ಫೋನೇ ಇಲ್ಲ, ನಿಜಕ್ಕೂ ಸಂಕಟವಾಯಿತು.

ಐದನೇ ದಿನ ಒಂದು ಫೋಟೊ ಕಳಿಸಿದ. 1948ರ ಅಮೆರಿಕ ಚುನಾವಣೆ ಗೆದ್ದ ಟ್ರೂಮನ್, ತಾನು ಡ್ಯೂಯಿ ಎದುರು ಸೋತೆನೆಂದು ತಪ್ಪಾಗಿ ಅಚ್ಚು ಹಾಕಿದ್ದ ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಚಿತ್ರ. ಕೆಳಗೆ, 'ನಾನೂ ಇಂಥದ್ದೇ ಹೆಡ್‌ಲೈನ್ ಬರೆದಿಟ್ಟಿದ್ದೆ ಕಣೋ!'

ತಕ್ಷಣ ಫೋನ್ ಮಾಡಿದೆ. ನಾನು ಅವನ ಭವಿಷ್ಯವಾಣಿ ಹಿಡಿದುಕೊಂಡೆ, ಅವನು ನಮ್ಮ ಪ್ರಣಾಳಿಕೆ ಹಿಡಿದುಕೊಂಡ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ತೆರಿಗೆ ವಿಷಯ ಬಂದಾಗ ಜಗಳವೂ ಆಯಿತು, ಅದು ಇನ್ನೂ ಮುಗಿದಿಲ್ಲ. ತಾಳಲು ಹೇಳಿದವರಿಗೆ ಮನಸಾರೆ ಧನ್ಯವಾದ.