ಸಹಾಯ ಬೇಕು: ಎರೆಮಣ್ಣಿನಲ್ಲಿ ಮನೋರಂಜಿನಿ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಹಿತ್ತಲಿನಲ್ಲಿ ಸೀತಾಫಲದ ಕುಟುಂಬಕ್ಕೆ ಸೇರಿದ ಮನೋರಂಜಿನಿ, ಅಂದರೆ ಹಸಿರು ಸಂಪಿಗೆಯ ಗಿಡವಿದ್ದು, ಕೊಕ್ಕೆಯಂತೆ ಬಾಗಿದ ಹೂದೊಟ್ಟುಗಳ ಆಸರೆಯಿಂದ ಕಿಟಕಿಯ ಸರಳಿಗೆ ಚೆನ್ನಾಗಿಯೇ ಹಬ್ಬಿದೆ. ಆದರೆ ಹೂಗಳು ಹಸಿರಾಗಿರುವಾಗಲೇ ಉದುರುತ್ತಿವೆ. ಆರು ದಳಗಳು ಹಳದಿಗೆ ತಿರುಗಿದ ಮೇಲಷ್ಟೇ ಈ ಹೂವು ಗಮಗಮಿಸುವುದರಿಂದ, ಗಿಡವಿದ್ದೂ ಪರಿಮಳದ ಭಾಗ್ಯ ನಮಗಿಲ್ಲ.

ನಮ್ಮದು ನೀರು ಬಸಿಯದ ಎರೆಮಣ್ಣು, ಕೊಳವೆಬಾವಿಯ ನೀರು ಸವಳು, ಬೇಸಿಗೆಯಲ್ಲಿ ಎಲೆಯಂಚು ಸುಡುತ್ತದೆ. ಬುಡಕ್ಕೆ ಕೆಮ್ಮಣ್ಣು, ಮರಳು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕೇ, ಅಥವಾ ಮಧ್ಯಾಹ್ನದ ಬಿಸಿಲಿಗೆ ನೆರಳನ್ನೂ ಕಟ್ಟಬೇಕೇ? ಬೀಜ ಮೊಳೆಯಲು ಬಹಳ ತಡವಾಗುವುದರಿಂದ, ಮಳೆಗಾಲದಲ್ಲಿ ಗೂಟಿ ಕಟ್ಟಿ (ಗಿಡದಲ್ಲಿರುವ ರೆಂಬೆಯ ತೊಗಟೆ ಸುಲಿದು, ಒದ್ದೆ ಪಾಚಿ ಅಥವಾ ಮಣ್ಣು ಸುತ್ತಿ ಬೇರು ಬರಿಸಿ) ಸಸಿ ಮಾಡಿದವರು ಯಾವ ವಯಸ್ಸಿನ ರೆಂಬೆಯನ್ನು ಆರಿಸಿಕೊಂಡಿರೆಂದು ದಯವಿಟ್ಟು ತಿಳಿಸಬೇಕಾಗಿ ವಿನಂತಿ.